ಜ್ವರ ಬಿಟ್ಟ ದಿನ, ಬಲ ಬಂದ ದಿನ: 1968ರ ಒಂದು ಸೋಲಿನ ವಿಚಾರ

ಓಟದ ಇತಿಹಾಸವನ್ನು ಬರೆಯುವವನಿಗೆ ಗಡಿಯಾರದ ಅಂಕಿಗಳಷ್ಟು ನೆರವಾಗುವ ಆಧಾರ ಬೇರೊಂದಿಲ್ಲ. ಅವುಗಳಷ್ಟು ಸುಲಭವಾಗಿ ದಾರಿ ತಪ್ಪಿಸುವ ಆಧಾರವೂ ಬೇರೊಂದಿಲ್ಲ. 1968ನೆಯ ಇಸವಿ ಅಕ್ಟೋಬರ್ 20ರಂದು ಮೆಕ್ಸಿಕೋ ನಗರದ ಒಲಿಂಪಿಕ್ ಕ್ರೀಡಾಂಗಣದಲ್ಲಿ 1500 ಮೀಟರುಗಳ ಅಂತಿಮ ಓಟ ನಡೆಯಿತು. ಕೀನ್ಯಾ ದೇಶದ ಕಿಪ್‌ಚೋಗೆ ಕೇನೋ 3 ನಿಮಿಷ 34.9 ಸೆಕೆಂಡುಗಳಲ್ಲಿ ಗೆದ್ದರು. ವಿಶ್ವದಾಖಲೆಯ ಒಡೆಯರಾಗಿದ್ದ ಅಮೆರಿಕದ ಜಿಮ್ ರಯನ್ 3 ನಿಮಿಷ 37.8 ಸೆಕೆಂಡುಗಳಲ್ಲಿ ಎರಡನೆಯವರಾದರು. ಅಂಕಿಗಳು ಇಷ್ಟನ್ನೇ ಹೇಳುತ್ತವೆ. ನಡುವಣ ಮೂರು ಸೆಕೆಂಡುಗಳಲ್ಲಿ ಏನೇನು ಅಡಗಿತ್ತೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ರಯನ್ ಹುಟ್ಟಿದುದು 1947ರಲ್ಲಿ, ಕಾನ್ಸಾಸ್ ಸಂಸ್ಥಾನದ ವಿಚಿಟಾ ಪಟ್ಟಣದಲ್ಲಿ. ಎಳವೆಯಲ್ಲಿ ಬಂದ ದಡಾರವು ಅವರ ಕಿವಿಗಳ ಶಕ್ತಿಯನ್ನು ಬಹುಮಟ್ಟಿಗೆ ಕುಂದಿಸಿತು. ಒಂದು ವಿಷಾಣುವಿನ ಶೇಷವನ್ನು ಹೊತ್ತುಕೊಂಡೇ ಈ ಹುಡುಗ ಓಟದ ಕಣಕ್ಕೆ ಇಳಿದನೆನ್ನಬೇಕು. 1964ರಲ್ಲಿ, ಇನ್ನೂ ಪ್ರೌಢಶಾಲೆಯ ವಿದ್ಯಾರ್ಥಿಯಾಗಿದ್ದಾಗಲೇ, ಅವರು ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡಿದರು. 1966ರಲ್ಲಿ 3 ನಿಮಿಷ 51.3 ಸೆಕೆಂಡು, 1967ರಲ್ಲಿ 3 ನಿಮಿಷ 51.1 ಸೆಕೆಂಡು: ಎರಡೂ ಮೈಲಿಯ ವಿಶ್ವದಾಖಲೆಗಳು. ಅದೇ 1967ರ ಜುಲೈ ತಿಂಗಳಲ್ಲಿ ಲಾಸ್ ಏಂಜಲೀಸಿನಲ್ಲಿ 1500 ಮೀಟರುಗಳನ್ನು 3 ನಿಮಿಷ 33.1 ಸೆಕೆಂಡುಗಳಲ್ಲಿ ಕ್ರಮಿಸಿದರು. ಆ ದಿನ ಅವರ ಹಿಂದೆ ಉಳಿದವರು ಇದೇ ಕೇನೋ.

ಒಲಿಂಪಿಕ್ ಕ್ರೀಡೆಗೆ ಕೆಲವೇ ತಿಂಗಳುಗಳಿರುವಾಗ ರಯನ್ನರಿಗೆ ಗ್ರಂಥಿಜ್ವರ ತಗಲಿತು. ಗಂಟಲು ನೋವು, ಕತ್ತಿನ ಗ್ರಂಥಿಗಳ ಬಾವು, ಜ್ವರ, ಕೆಲವರಲ್ಲಿ ಪ್ಲೀಹದ ಊತ ಇದರ ಲಕ್ಷಣಗಳು. ಜ್ವರವು ಕೆಲವು ವಾರಗಳಲ್ಲಿ ಇಳಿದರೂ ಅದರ ಆಯಾಸವು ತಿಂಗಳುಗಟ್ಟಲೆ ಉಳಿಯುವುದುಂಟು. ಅಭ್ಯಾಸಕ್ಕೆ ಅತ್ಯಂತ ಬೆಲೆಯುಳ್ಳ ಕಾಲವು ಹೀಗೆ ಕೈಬಿಟ್ಟುಹೋಯಿತು. ಆದರೂ ಸೆಪ್ಟೆಂಬರಿನಲ್ಲಿ ತಮ್ಮ ದೇಶದ ಆಯ್ಕೆಯ ಓಟವನ್ನು ಗೆದ್ದು ಅವರು ಮೆಕ್ಸಿಕೋ ಸೇರಿದರು.

ಇಲ್ಲೊಂದು ಕಾಲಯೋಗವನ್ನು ಗಮನಿಸಬೇಕು. 1964ರಲ್ಲಿ ಲಂಡನ್ನಿನ ಎಪ್‌ಸ್ಟೈನ್, ಅಚಾಂಗ್ ಮತ್ತು ಬಾರ್ ಎಂಬ ಸಂಶೋಧಕರು, ಆಫ್ರಿಕದ ಮಕ್ಕಳಲ್ಲಿ ಕಾಣುವ ಒಂದು ಬಗೆಯ ಗಡ್ಡೆಯ ಜೀವಕೋಶಗಳಲ್ಲಿ ಹೊಸದೊಂದು ವಿಷಾಣುವನ್ನು ಕಂಡಿದ್ದರು. ಅದು ಬೇರೆ ಯಾವ ರೋಗಕ್ಕೆ ಕಾರಣವೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಫಿಲಡೆಲ್ಫಿಯಾದಲ್ಲಿ ಹೆನ್ಲೆ ದಂಪತಿಗಳ ಪ್ರಯೋಗಾಲಯದ ತಂತ್ರಜ್ಞೆಯೊಬ್ಬಳಿಗೆ 1967ರಲ್ಲಿ ಗ್ರಂಥಿಜ್ವರ ಬಂದಿತು. ಅದುವರೆಗೆ ಅವಳ ರಕ್ತದಲ್ಲಿ ಇಲ್ಲದಿದ್ದ ಈ ವಿಷಾಣುವಿನ ಪ್ರತಿಕಾಯಗಳು ಆ ಜ್ವರದ ತರುವಾಯ ಕಾಣಿಸಿಕೊಂಡವು. ಆ ಸುಳಿವಿನಿಂದ ಹೊರಟ ಸಂಶೋಧನೆಯು 1968ರಲ್ಲಿ ಪ್ರಕಟವಾಗಿ, ಗ್ರಂಥಿಜ್ವರಕ್ಕೂ ಆ ವಿಷಾಣುವಿಗೂ ಇರುವ ಸಂಬಂಧವನ್ನು ತೋರಿಸಿತು. ಓಟಗಾರನನ್ನು ಹಿಡಿದ ರೋಗದ ಮೂಲವು ವೈದ್ಯಲೋಕಕ್ಕೆ ಗೊತ್ತಾದುದು ಅವನು ಸೋತ ವರ್ಷದಲ್ಲಿಯೇ.

ಹಾಗಾದರೆ ಅಂದು ಗೆದ್ದುದು ವಿಷಾಣುವೆ? ಹೀಗೆಂದರೆ ಕೇನೋ ಅವರಿಗೆ ಅನ್ಯಾಯವಾದೀತು. ಮೆಕ್ಸಿಕೋ ನಗರವು ಸಮುದ್ರಮಟ್ಟದಿಂದ ಸುಮಾರು 2240 ಮೀಟರು ಎತ್ತರದಲ್ಲಿದೆ. ಅಲ್ಲಿಯ ತೆಳುಗಾಳಿಯು ಕೀನ್ಯಾದ ಎತ್ತರದ ನಾಡಿನಲ್ಲಿ ಬೆಳೆದವರಿಗೆ ಹೊಸದಲ್ಲ. ಸಹನಾಡಿಗರಾದ ಬೆನ್ ಜಿಪ್ಚೋ ಮೊದಲ 400 ಮೀಟರುಗಳನ್ನು 56 ಸೆಕೆಂಡುಗಳಲ್ಲಿ ಎಳೆದುಕೊಟ್ಟರು. ಅನಂತರ ಕೇನೋ ಮುಂದಾಳತ್ವ ವಹಿಸಿ ಕೊನೆಯವರೆಗೂ ಬಿಡಲಿಲ್ಲ. ಹಿಂದೆ ಉಳಿದು ಕಡೆಯಲ್ಲಿ ನುಗ್ಗುವ ರಯನ್ನರ ಕ್ರಮಕ್ಕೆ ಆಗ ಎಡೆಯೇ ಇರಲಿಲ್ಲ. ಅದಕ್ಕಿಂತ ಮಿಗಿಲಾಗಿ, ಕೇನೋ ಅವರೂ ಪಿತ್ತಕೋಶದ ವ್ಯಾಧಿಯಿಂದ ನರಳುತ್ತಿದ್ದರು. ಕೆಲವೇ ದಿನಗಳ ಹಿಂದೆ 10,000 ಮೀಟರುಗಳ ಓಟದಲ್ಲಿ ನೋವಿನಿಂದ ಕುಸಿದಿದ್ದರು. ಆದುದರಿಂದ ಮೂರು ಸೆಕೆಂಡುಗಳಲ್ಲಿ ರೋಗದ ಪಾಲೆಷ್ಟು, ಎತ್ತರದ ಪಾಲೆಷ್ಟು, ಎದುರಾಳಿಯ ಸಾಮರ್ಥ್ಯದ ಪಾಲೆಷ್ಟು ಎಂದು ಲೆಕ್ಕ ತೆಗೆಯಲು ಬಾರದು. ಆದರೆ ರೋಗದ ಪಾಲು ಸೊನ್ನೆಯೆಂದು ಬರೆದುಬಿಡುವುದಂತೂ ಲೆಕ್ಕವೇ ಅಲ್ಲ. ಅಮೆರಿಕದಲ್ಲಿ ಅನೇಕರು ಹಾಗೆಯೇ ಬರೆದರು. ಬೆಳ್ಳಿಯ ಪದಕವನ್ನು ತಂದವರನ್ನು ನಂಬಿಕೆ ಕೆಡಿಸಿದವರೆಂಬಂತೆ ಕಂಡರು. ಮರುವರ್ಷ ರಯನ್ ಓಟವೊಂದರ ನಡುವೆಯೇ ಕಣದಿಂದ ಹೊರನಡೆದು, ಬಹುಕಾಲ ಸ್ಪರ್ಧೆಯಿಂದ ದೂರವಿದ್ದರು.

ಜ್ವರ ಬಿಡುವುದು ಬೇರೆ, ಬಲ ಬರುವುದು ಬೇರೆ ಎಂಬ ವಿವೇಕವು ನಮ್ಮವರಿಗೆ ಹೊಸದಲ್ಲ. ಜ್ವರಮುಕ್ತನಾದವನು ಬಲವಂತನಾಗುವ ತನಕ ವ್ಯಾಯಾಮವನ್ನೂ ಸ್ನಾನವನ್ನೂ, ಅಷ್ಟೇಕೆ, ತಿರುಗಾಟವನ್ನೂ ವರ್ಜಿಸಬೇಕೆಂದೂ, ಇಲ್ಲವಾದರೆ ಜ್ವರವು ಮರುಕಳಿಸುವುದೆಂದೂ ಚರಕಸಂಹಿತೆಯ ಜ್ವರಚಿಕಿತ್ಸಾಧ್ಯಾಯವು ವಿಧಿಸುತ್ತದೆ. ನಮ್ಮ ಮನೆಗಳ ಗಂಜಿ, ಸಾರನ್ನ, ಪಥ್ಯಗಳ ಹಿಂದಿರುವುದು ಇದೇ ತಿಳಿವಳಿಕೆ. ಇದನ್ನೇ ಪಾಶ್ಚಾತ್ಯ ವೈದ್ಯವು ಪ್ರಯೋಗದ ಹಾದಿಯಿಂದ ತಲುಪಿತು. ಪೋಲಿಯೋ ರೋಗದ ಆರಂಭದಲ್ಲಿ ದೇಹವನ್ನು ದಣಿಸಿದವರಿಗೆ ಅಂಗಗಳ ಬಲಹೀನತೆಯು ಹೆಚ್ಚು ತೀವ್ರವಾಗಿ ಬರುವುದೆಂದು ಆಕ್ಸ್‌ಫರ್ಡಿನ ವೈದ್ಯ ರಿಚಿ ರಸೆಲ್ 1940ರ ದಶಕದ ಕೊನೆಯಲ್ಲಿ ತೋರಿಸಿದರು. 1970ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, ಕಾಕ್ಸಾಕಿ ಎಂಬ ವಿಷಾಣು ತಗಲಿದ ಇಲಿಗಳನ್ನು ಬಲವಂತವಾಗಿ ಈಜಿಸಿದಾಗ, ಅವುಗಳ ಹೃದಯದಲ್ಲಿ ವಿಷಾಣುವು ನೂರಾರು ಪಟ್ಟು ವೃದ್ಧಿಯಾದುದು ಕಂಡುಬಂದಿತು.

ದಣಿವು ದೇಹದ್ದೋ ಮನಸ್ಸಿನದೋ ಎಂಬ ಹಳೆಯ ಸಂದೇಹಕ್ಕೆ ಆಸ್ಟ್ರೇಲಿಯದ ಡಬ್ಬೋ ಪ್ರಾಂತದ ಅಧ್ಯಯನವು 2006ರಲ್ಲಿ ತಕ್ಕ ಉತ್ತರವನ್ನಿತ್ತಿತು. ಗ್ರಂಥಿಜ್ವರವೂ ಸೇರಿದಂತೆ ಮೂರು ಸೋಂಕುಗಳಿಗೆ ತುತ್ತಾದ 253 ಜನರನ್ನು ಅಲ್ಲಿ ಒಂದು ವರ್ಷದವರೆಗೆ ಗಮನಿಸಲಾಯಿತು. ಆರು ತಿಂಗಳ ತರುವಾಯವೂ ನೂರರಲ್ಲಿ ಸುಮಾರು 12 ಮಂದಿ ಕಾರ್ಯಕ್ಕೆ ಅಸಮರ್ಥರಾಗುವಷ್ಟು ಬಳಲಿದ್ದರು. ಯಾರು ಬಳಲುವರೆಂಬುದನ್ನು ಸೂಚಿಸಿದುದು ಮೊದಲ ಕಾಯಿಲೆಯ ತೀವ್ರತೆಯೇ ಹೊರತು ಅವರ ಸ್ವಭಾವವಲ್ಲ. 2020ರ ಮಹಾಮಾರಿಯ ಮೊದಲ ತಿಂಗಳುಗಳಲ್ಲಿ ಕ್ರೀಡಾಳುಗಳ ಹೃದಯದ ಬಗ್ಗೆ ದೊಡ್ಡ ಭೀತಿಯೂ ಹಬ್ಬಿತ್ತು. ಸೋಂಕು ತಗಲಿದ 3018 ಅಮೆರಿಕನ್ ಕಾಲೇಜು ಕ್ರೀಡಾಳುಗಳ ಪೈಕಿ 21 ಮಂದಿಯಲ್ಲಿ ಮಾತ್ರ ಹೃದಯಕ್ಕೆ ತೊಂದರೆಯಾದ ಅಥವಾ ಆಗಿರಬಹುದಾದ ಚಿಹ್ನೆಗಳಿದ್ದುವೆಂದು 2021ರಲ್ಲಿ ತಿಳಿದು ಆ ಭೀತಿ ತಗ್ಗಿತು. ಆದರೆ ಹೃದಯವು ಸರಿಯಿದ್ದ ಮಾತ್ರಕ್ಕೆ ಬಲ ಬಂದಿತೆಂದು ಅರ್ಥವಲ್ಲ.

ಈ ಮಾತನ್ನು ನಾನು ಗ್ರಂಥಗಳಿಂದ ಮಾತ್ರ ಕಲಿತವನಲ್ಲ. 2021ರ ಬೇಸಗೆಯಲ್ಲಿ ಮುಂಬಯಿಯ ನಮ್ಮ ಕಚೇರಿಯ ತರುಣ ಸಹೋದ್ಯೋಗಿಯೊಬ್ಬನಿಗೆ ಸೋಂಕು ತಗಲಿತು. ಅವನು ಪ್ರತಿವರ್ಷ ಇಲ್ಲಿಯ ಮ್ಯಾರಥಾನಿನಲ್ಲಿ ಓಡುತ್ತಿದ್ದವನು. ಜ್ವರ ಬಿಟ್ಟು ಮೂರು ತಿಂಗಳಾದರೂ ಎರಡನೆಯ ಮಹಡಿಗೆ ಹತ್ತುವಾಗ ನಡುವೆ ಕುಳಿತುಕೊಳ್ಳುತ್ತಿದ್ದನು. ಪರೀಕ್ಷೆಯ ಕಾಗದಗಳೆಲ್ಲ ಸರಿಯಾಗಿಯೇ ಇದ್ದುವು. ಅವನು ಮತ್ತೆ ರಜೆ ಬೇಡಿದಾಗ ಮಂಜೂರು ಮಾಡಬೇಕಾದ ಅಧಿಕಾರಿ ನಾನು. ಓಡುವವನಿಗೆ ಮೆಟ್ಟಿಲು ಕಷ್ಟವೆ ಎಂದು ಕೇಳಿದೆನು. ಕಾಗದದಲ್ಲಿ ರೋಗವಿಲ್ಲವೆಂದು ಅರ್ಧ ರಜೆಯನ್ನಷ್ಟೇ ಕೊಟ್ಟೆನು. ಅವನು ಎದುರಾಡಲಿಲ್ಲ. ಮೆಕ್ಸಿಕೋದ ಓಟದ ವೃತ್ತಾಂತವನ್ನು ಓದುವಾಗ, ರಯನ್ನರನ್ನು ಹಳಿದವರ ಸಾಲಿನಲ್ಲಿ ನನ್ನನ್ನೂ ಕಂಡುಕೊಂಡೆನು.

ಜ್ವರ ಬಿಟ್ಟ ದಿನವನ್ನು ಉಷ್ಣಮಾಪಕವು ತೋರಿಸಬಲ್ಲುದು. ಬಲ ಬಂದ ದಿನವನ್ನು ರೋಗಿಯೊಬ್ಬನೇ ಹೇಳಬಲ್ಲನು. ಅದನ್ನು ಕೇಳುವ ತಾಳ್ಮೆ ಉಳಿದವರಿಗಿರಬೇಕು. ಈ ಎರಡು ದಿನಗಳ ನಡುವಣ ಕಾಲಕ್ಕೆ ಪದಕಗಳ ಪಟ್ಟಿಯಲ್ಲಿ ಅಂಕಣವಿಲ್ಲ, ನಮ್ಮ ಹಾಜರಿ ಪುಸ್ತಕದಲ್ಲಿಯೂ ಇಲ್ಲ. ಸಹೋದ್ಯೋಗಿಯು ಈಗ ಮತ್ತೆ ಓಡುತ್ತಾನೆ, ಮೊದಲಿಗಿಂತ ನಿಧಾನವಾಗಿ. ಎಷ್ಟು ನಿಮಿಷವಾಯಿತೆಂದು ನಾನು ಅವನನ್ನು ಕೇಳುವುದಿಲ್ಲ.