ವಸತಿನಿಲಯದಿಂದ ನಾಗಪುರಕ್ಕೆ: ಉಸ್ಮಾನಿಯಾದ 1938ರ ವಿದ್ಯಾರ್ಥಿ ಚಳವಳಿ

ವಿದ್ಯಾರ್ಥಿ ನಾಯಕತ್ವವನ್ನು ಇಂದಿನ ವಿಶ್ವವಿದ್ಯಾಲಯಗಳು ಶಿಬಿರ, ಪ್ರಮಾಣಪತ್ರ, ಸೇವಾಘಟಕಗಳ ಮೂಲಕ ರೂಪಿಸಲು ಹೊರಟಿವೆ. ಹೈದರಾಬಾದ್ ಸಂಸ್ಥಾನದ ಅನುಭವವು ಇದಕ್ಕಿಂತ ಭಿನ್ನವಾದ ಪ್ರಶ್ನೆಯೊಂದನ್ನು ನಮ್ಮ ಮುಂದಿಡುತ್ತದೆ: ಮಾತನಾಡುವ ಅವಕಾಶವನ್ನೇ ನಿರಾಕರಿಸಿದ ವಿದ್ಯಾಸಂಸ್ಥೆಯಲ್ಲಿ ಪೌರಪ್ರಜ್ಞೆ ಹೇಗೆ ಬೆಳೆಯಿತು?

1918ರಲ್ಲಿ ಸ್ಥಾಪನೆಗೊಂಡ ಉಸ್ಮಾನಿಯಾ ವಿಶ್ವವಿದ್ಯಾಲಯವು ಭಾರತೀಯ ಭಾಷೆಯೊಂದನ್ನು ಉನ್ನತ ಶಿಕ್ಷಣದ ಮಾಧ್ಯಮವಾಗಿಸಿದ ದಿಟ್ಟ ಪ್ರಯೋಗ. ಆಧುನಿಕ ಜ್ಞಾನವನ್ನು ಉರ್ದುವಿಗೆ ತರಲು ಅಲ್ಲಿ ಅನುವಾದ ವಿಭಾಗವೇ ದುಡಿಯಿತು. ಆದರೆ ಸಂಸ್ಥಾನದ ಬಹುಪಾಲು ಪ್ರಜೆಗಳ ಮನೆಮಾತು ತೆಲುಗು, ಮರಾಠಿ ಅಥವಾ ಕನ್ನಡವಾಗಿತ್ತು. ಗುಲಬರ್ಗಾ, ರಾಯಚೂರು, ಬೀದರ್ ಜಿಲ್ಲೆಗಳ ಕನ್ನಡ ವಿದ್ಯಾರ್ಥಿಗೆ ಇಂಗ್ಲಿಷಿನಿಂದ ದೊರೆತ ಬಿಡುಗಡೆ ಸ್ವಭಾಷೆಯ ಪ್ರವೇಶವಾಗಿರಲಿಲ್ಲ.

1938ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಅದು ರೂಪುಗೊಳ್ಳುವ ಮೊದಲೇ ನಿಷೇಧಿಸಲಾಯಿತು; ಅಕ್ಟೋಬರಿನಲ್ಲಿ ಸತ್ಯಾಗ್ರಹ ಆರಂಭವಾಯಿತು. ಈ ಹಿನ್ನೆಲೆಯಲ್ಲಿಯೇ ವಸತಿನಿಲಯದ ಪ್ರಾರ್ಥನೆಯಲ್ಲಿ 'ವಂದೇ ಮಾತರಂ' ಹಾಡುವುದನ್ನು ಅಧಿಕಾರಿಗಳು ತಡೆದರು. ವಿದ್ಯಾರ್ಥಿಗಳು ತರಗತಿಗಳನ್ನು ಬಹಿಷ್ಕರಿಸಿದರು. ನೂರಾರು ಮಂದಿ ಉಚ್ಚಾಟಿತರಾದರು. ಚಳವಳಿ ರಾಜಧಾನಿಯನ್ನು ದಾಟಿ ಗುಲಬರ್ಗಾದ ಇಂಟರ್‌ಮೀಡಿಯೆಟ್ ಕಾಲೇಜಿಗೂ ಹಬ್ಬಿತು. ಉಚ್ಚಾಟಿತರಿಗೆ ನಾಗಪುರ ವಿಶ್ವವಿದ್ಯಾಲಯವು, ಕುಲಪತಿ ಟಿ. ಜೆ. ಕೇದಾರ್ ಅವರ ಕಾಲದಲ್ಲಿ, ಬಾಗಿಲು ತೆರೆಯಿತು.

ಈ ಘಟನೆಯನ್ನು ಶೌರ್ಯಗಾಥೆಯಾಗಿ ಮಾತ್ರ ಓದುವುದು ಸುಲಭ. ಆದರೆ ಆ ಗೀತೆಯ ದೇವೀರೂಪಕದ ಬಗ್ಗೆ ಮುಸ್ಲಿಮರಲ್ಲಿ ಆಕ್ಷೇಪವಿತ್ತು. ಅದನ್ನು ಮನ್ನಿಸಿಯೇ ಕಾಂಗ್ರೆಸ್ ಕಾರ್ಯಕಾರಿ ಸಮಿತಿಯು 1937ರಲ್ಲಿ ಮೊದಲ ಎರಡು ಚರಣಗಳನ್ನಷ್ಟೇ ಹಾಡುವಂತೆ ಸೂಚಿಸಿತ್ತು. ಚರ್ಚೆಯಿಂದ ಹೊಂದಾಣಿಕೆ ಸಾಧ್ಯವೆಂಬುದಕ್ಕೆ ಇದು ಸಾಕ್ಷಿ. ನಿಷೇಧವು ಗೀತೆಯೊಂದಿಗೆ ಅಂತಹ ಚರ್ಚೆಯ ಸಾಧ್ಯತೆಯನ್ನೂ ಮುಚ್ಚಿತು. ವಿದ್ಯಾರ್ಥಿಗಳ ಮುಂದೆ ಉಳಿದದ್ದು ಎರಡೇ ದಾರಿ: ಮೌನ, ಇಲ್ಲವೇ ನಿರ್ಗಮನ.

ನಿರ್ಗಮಿಸಿದವರಲ್ಲಿ ಹಲವರು ಮುಂದೆ ಸಂಸ್ಥಾನದ ವಿಮೋಚನಾ ಹೋರಾಟದಲ್ಲಿ ತೊಡಗಿದರು. ಅವರ ನಾಯಕತ್ವ ಯಾವ ಪಠ್ಯಕ್ರಮದ ಫಲವೂ ಅಲ್ಲ. ತೆಲುಗು, ಮರಾಠಿ, ಕನ್ನಡ ಮಾತನಾಡುವವರು ಒಂದೇ ನಿರ್ಧಾರಕ್ಕೆ ಬಂದು, ಅದರ ಬೆಲೆಯನ್ನೂ ಒಟ್ಟಾಗಿ ತೆತ್ತದ್ದರಿಂದ ಅದು ಮೂಡಿತು.

1956ರ ಪುನರ್ವಿಂಗಡಣೆಯ ಬಳಿಕ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ನಾರಾಯಣಪೇಟೆ, ಮಖ್ತಲ್ ಕಡೆಯ ಕನ್ನಡಿಗರು ಗಡಿಯಾಚೆ ಉಳಿದರು. ಅಲ್ಪಸಂಖ್ಯಾತ ಭಾಷೆಯ ವಿದ್ಯಾರ್ಥಿಯನ್ನು ನವೆಂಬರಿನ ವೇದಿಕೆಯ ಗಾಯಕನನ್ನಾಗಿ ಕರೆದರೆ ಸಾಲದು. ವಸತಿನಿಲಯದ ನಿಯಮ, ಪರೀಕ್ಷೆಯ ಭಾಷೆ, ಗ್ರಂಥಾಲಯದ ಖರೀದಿಯಂತಹ ವಿಷಯಗಳನ್ನು ನಿರ್ಧರಿಸುವ ಸಭೆಯಲ್ಲಿ ಅವನಿಗೂ ಅವಳಿಗೂ ಸ್ಥಾನವಿರಬೇಕು. ಉಸ್ಮಾನಿಯಾದಲ್ಲಿ ಅಂದು ಇಲ್ಲದೆ ಹೋದದ್ದು ಅಂತಹ ಸಭೆಯೇ.