ಗೋಮಾಳದ ಬೇಲಿ, ಗಿರಣಿಯ ಗಂಟೆ

ಕೈಗಾರಿಕಾ ಕ್ರಾಂತಿ ಎಂದೊಡನೆ ನೆನಪಾಗುವುದು ಜೇಮ್ಸ್ ವಾಟ್‌ನ ಉಗಿಯಂತ್ರ. ಆದರೆ ಆ ಕ್ರಾಂತಿಗೆ ನೆಲ ಹದವಾದದ್ದು ಇಂಗ್ಲೆಂಡಿನ ಹೊಲಗಳಲ್ಲಿ. ಅಲ್ಲಿನ ಅನೇಕ ಹಳ್ಳಿಗಳಲ್ಲಿ ಹದಿನೆಂಟನೆಯ ಶತಮಾನದವರೆಗೂ ಹೊಲಗಳಿಗೆ ಬೇಲಿ ಇರಲಿಲ್ಲ. ನಮ್ಮ ಗೋಮಾಳವನ್ನು ಹೋಲುವ ಊರೊಟ್ಟಿನ ಹುಲ್ಲುಗಾವಲಿತ್ತು. ಸ್ವಂತ ನೆಲವಿಲ್ಲದವನೂ ಅಲ್ಲಿ ಒಂದು ಹಸು ಮೇಯಿಸಿ, ಸೌದೆ ಆಯ್ದು ಬದುಕಬಹುದಿತ್ತು.

ಈ ವ್ಯವಸ್ಥೆಯನ್ನು ಮುರಿದದ್ದು ಆವರಣ ಕಾಯಿದೆಗಳು. ೧೬೦೪ರಿಂದ ೧೯೧೪ರವರೆಗೆ ಪಾರ್ಲಿಮೆಂಟು ಇಂತಹ ೫,೨೦೦ಕ್ಕೂ ಹೆಚ್ಚು ಕಾಯಿದೆಗಳನ್ನು ಮಾಡಿ, ಸುಮಾರು ೬೮ ಲಕ್ಷ ಎಕರೆಗೆ ಬೇಲಿ ಹಾಕಿಸಿತು. ಇವುಗಳಲ್ಲಿ ಹೆಚ್ಚಿನವು ಬಂದದ್ದು ೧೭೫೦ರ ನಂತರದ ನೂರು ವರ್ಷಗಳಲ್ಲಿ. ಕಾಗದಪತ್ರ ಇದ್ದವನಿಗೆ ಭೂಮಿ ದಕ್ಕಿತು. ರೂಢಿಯ ಹಕ್ಕು ಮಾತ್ರ ಇದ್ದವನಿಗೆ ದಕ್ಕಿದ್ದು ಅತ್ಯಲ್ಪ.

ಇದೇ ಕಾಲದಲ್ಲಿ ಬೇಸಾಯವೂ ಬದಲಾಯಿತು. ನಾರ್ಫೋಕ್ ಸೀಮೆಯ ರೈತರು ಗೋಧಿ, ಟರ್ನಿಪ್ ಗೆಡ್ಡೆ, ಬಾರ್ಲಿ, ಕ್ಲೋವರ್ ಹುಲ್ಲುಗಳನ್ನು ಸರದಿಯಂತೆ ಬೆಳೆದರು. ಭೂಮಿಯನ್ನು ಬೀಳು ಬಿಡುವುದು ತಪ್ಪಿತು. ಚಳಿಗಾಲಕ್ಕೂ ಮೇವು ಸಿಕ್ಕಿತು, ದನಗಳು ಹೆಚ್ಚಿದವು, ಗೊಬ್ಬರವೂ ಹೆಚ್ಚಿತು. ಬೇಲಿ ಬಿದ್ದೊಡನೆ ಎಲ್ಲರೂ ಪಟ್ಟಣಕ್ಕೆ ಗುಳೆ ಹೋದರೆಂದಲ್ಲ. ಹೊಸ ಬೇಸಾಯಕ್ಕೂ ಆಳುಗಳು ಬೇಕಿದ್ದರು. ಆದರೆ ಕೂಲಿಯನ್ನೇ ನಂಬಿದ ಕುಟುಂಬಗಳು ಹೆಚ್ಚಿದವು.

ಅಂಥವರಿಗೆ ಕಾದಿದ್ದುದು ಗಿರಣಿ. ೧೭೭೧ರಲ್ಲಿ ರಿಚರ್ಡ್ ಆರ್ಕ್‌ರೈಟ್ ಡರ್ಬಿಶೈರಿನ ಕ್ರಾಮ್‌ಫರ್ಡ್‌ನಲ್ಲಿ ನೀರಿನ ಬಲದಿಂದ ನಡೆಯುವ ನೂಲಿನ ಗಿರಣಿ ಆರಂಭಿಸಿದ. ಕೆಲಸಗಾರರಲ್ಲಿ ಹೆಂಗಸರು, ಮಕ್ಕಳೇ ಹೆಚ್ಚು. ಹನ್ನೆರಡು ಗಂಟೆಗಳ ಪಾಳಿ, ಹಗಲೂ ರಾತ್ರಿಯೂ. ಅವನು ಕಟ್ಟಿಸಿಕೊಟ್ಟ ಮನೆಗಳ ಮೇಲಟ್ಟದಲ್ಲಿ ಗಂಡಸರು ಮಗ್ಗ ಹಾಕಿಕೊಂಡು ನೇಯುತ್ತಿದ್ದರು. ಒಂದೇ ಸೂರಿನಡಿ ಎರಡು ಕಾಲಗಳು! ಮನೆಯ ನೇಕಾರ ಸೋಮವಾರ ಬಿಡುವು ಮಾಡಿಕೊಂಡು, ವಾರದ ಕೊನೆಗೆ ದುಡಿದು ಸರಿದೂಗಿಸಬಲ್ಲವನಾಗಿದ್ದ. ಗಿರಣಿಗೆ ಹೋಗುವ ಅವನ ಮಗಳಿಗೆ ಆ ಸ್ವಾತಂತ್ರ್ಯವಿರಲಿಲ್ಲ. ಅವಳ ದಿನವನ್ನು ಆಳುತ್ತಿದ್ದುದು ಗಂಟೆ.

ಅಗ್ಗದ ನೂಲು ಬಂದಾಗ ನೇಕಾರರಿಗೆ ಮೊದಮೊದಲು ಕೈತುಂಬ ಕೆಲಸ. ಆದರೆ ಎಡ್ಮಂಡ್ ಕಾರ್ಟ್‌ರೈಟ್ ೧೭೮೫ರಲ್ಲಿ ರೂಪಿಸಿದ ಯಂತ್ರಮಗ್ಗ ಕ್ರಮೇಣ ಸುಧಾರಿಸಿ ಅವರನ್ನೂ ಹಿಂದಿಕ್ಕಿತು. ೧೮೨೦ರ ದಶಕದಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ್ದ ಹತ್ತಿ ಕೈಮಗ್ಗ ನೇಕಾರರು, ಶತಮಾನದ ನಡುವಿನ ಹೊತ್ತಿಗೆ ಸುಮಾರು ಐವತ್ತು ಸಾವಿರಕ್ಕೆ ಇಳಿದರು.

ಪ್ರತಿಭಟನೆ ನಡೆಯದೆ ಇರಲಿಲ್ಲ. ೧೮೧೧ರಿಂದ ಲಡ್ಡೈಟರು ಯಂತ್ರಗಳನ್ನು ಒಡೆದರು. ಮರುವರ್ಷವೇ ಸರ್ಕಾರ ಆ ಅಪರಾಧಕ್ಕೆ ಮರಣದಂಡನೆ ವಿಧಿಸಿತು. ಮಸೂದೆಯ ವಿರುದ್ಧ ಲಾರ್ಡ್ಸ್ ಸಭೆಯಲ್ಲಿ ಕವಿ ಬೈರನ್ ಮಾತನಾಡಿದ. ಯಂತ್ರಕ್ಕೆ ಇಷ್ಟು ಬೇಗ ಸಿಕ್ಕ ರಕ್ಷಣೆ ಮಕ್ಕಳಿಗೆ ಸಿಗುವುದು ತಡವಾಯಿತು. ಬಹುತೇಕ ಬಟ್ಟೆ ಗಿರಣಿಗಳಲ್ಲಿ ಒಂಬತ್ತು ವರ್ಷದೊಳಗಿನ ಮಕ್ಕಳ ದುಡಿಮೆ ನಿಷೇಧವಾದದ್ದು ೧೮೩೩ರಲ್ಲಿ. ಅದನ್ನು ಜಾರಿಗೆ ತರಲು ದೇಶಕ್ಕೆಲ್ಲ ನೇಮಕವಾದ ಇನ್ಸ್‌ಪೆಕ್ಟರುಗಳು ನಾಲ್ವರು. ಹೆಂಗಸರಿಗೂ ಎಳೆಯರಿಗೂ ದಿನಕ್ಕೆ ಹತ್ತು ಗಂಟೆಯ ಮಿತಿ ಹಾಕುವ ಕಾಯಿದೆ ಬಂದದ್ದು ೧೮೪೭ರಲ್ಲಿ.

೧೮೫೧ರ ಜನಗಣತಿಯ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಅರ್ಧಕ್ಕಿಂತ ಹೆಚ್ಚು ಜನ ಪಟ್ಟಣವಾಸಿಗಳಾಗಿದ್ದರು. ದೇಶದ ಸಂಪತ್ತು ಬೆಳೆದಿತ್ತು, ಬಟ್ಟೆ ಅಗ್ಗವಾಗಿತ್ತು. ಆದರೆ ಗೋಮಾಳದ ಹಕ್ಕು ಹೋದವರಿಗೆ ಬೇರೆ ಹಕ್ಕುಗಳು ತಾವಾಗಿ ಬರಲಿಲ್ಲ. ಕೆಲಸದ ಅವಧಿ, ಸಂಘ, ಮತದಾನ ಒಂದೊಂದಕ್ಕೂ ಅವರು ತಲೆಮಾರುಗಳ ಕಾಲ ಹೋರಾಡಬೇಕಾಯಿತು.