ಕಂಬುಜದೇಶದ ನಾಟ್ಯವೂ ಗುರುವಂದನೆಯೂ

ಗ್ರಂಥಸ್ಥವಾದ ವಿದ್ಯೆಯು ಗ್ರಂಥವುಳಿದಿರುವವರೆಗೂ ಬಾಳುವುದು. ಅಂಗಗತವಾದ ವಿದ್ಯೆಯಾದರೋ ಅದನ್ನು ಬಲ್ಲ ಗುರುವೂ ಗ್ರಹಿಸುವ ಶಿಷ್ಯನೂ ಇರುವವರೆಗೆ ಮಾತ್ರವೇ ಬಾಳುವುದು. ಈ ಮಾತಿಗೆ ಕಂಬುಜದೇಶದ, ಎಂದರೆ ಕಾಂಬೋಡಿಯದ, ಅರಮನೆಯ ನಾಟ್ಯದ ಚರಿತ್ರೆಯು ತಕ್ಕ ನಿದರ್ಶನವಾಗಿರುವುದು.

ಆ ದೇಶದಲ್ಲಿ ನಾಟ್ಯವು ಪೂರ್ವದಿಂದಲೂ ದೇವತಾಸೇವೆಯ ಅಂಗವಾಗಿದ್ದಿತು. ಏಳನೆಯ ಜಯವರ್ಮನೆಂಬ ಅರಸನು ಅಂಗಕೋರದಲ್ಲಿ ಕಟ್ಟಿಸಿದ ತಾ ಪ್ರೋಮ್ ದೇವಾಲಯದ 1186ನೆಯ ಇಸವಿಯ ಶಿಲಾಶಾಸನವು ಅಲ್ಲಿ 615 ಮಂದಿ ನರ್ತಕಿಯರಿದ್ದರೆಂದು ತಿಳಿಸುತ್ತದೆ. ಅಂಗಕೋರದ ಗುಡಿಗಳ ಗೋಡೆಗಳ ಮೇಲೆ ಅಪ್ಸರೆಯರ ಶಿಲ್ಪಗಳು ಇಂದಿಗೂ ಕಾಣಬರುತ್ತವೆ. ರಾಮಾಯಣದ ಕಥೆಯು ಅಲ್ಲಿ ‘ರಾಮಕೇರ್’ ಎಂಬ ಹೆಸರಿನಿಂದ ಆ ಜನರದೇ ಆಗಿ ರಂಗವನ್ನೇರಿತು. ಮಳೆ ಬಾರದಿದ್ದಾಗ ಮಳೆಯನ್ನು ಬೇಡಿ ನರ್ತನವನ್ನು ದೇವತೆಗಳಿಗೆ ಅರ್ಪಿಸುವ ಪದ್ಧತಿಯೂ ಉಂಟು.

ಈ ನಾಟ್ಯದ ಅಭ್ಯಾಸವು ಬಾಲ್ಯದಲ್ಲಿಯೇ ಮೊದಲಾಗುತ್ತದೆ. ಬೆರಳುಗಳು ಹಿಂದಕ್ಕೆ ಬಾಗುವಂತೆ ನಿತ್ಯವೂ ಪಳಗಿಸಬೇಕು. ಎಲೆ, ಹೂ, ಕಾಯಿ ಎಂಬಿವುಗಳನ್ನು ತೋರುವ ಹಸ್ತಗಳು ಮೊದಲ ಪಾಠಗಳು. ಸ್ತ್ರೀ, ಪುರುಷ, ರಾಕ್ಷಸ, ವಾನರವೆಂದು ಪಾತ್ರಗಳು ನಾಲ್ಕು ಬಗೆ. ಶಿಷ್ಯರ ಅಂಗಸೌಷ್ಠವವನ್ನು ಕಂಡು ಗುರುವು ಪಾತ್ರವನ್ನು ಗೊತ್ತುಮಾಡುವನು. ತಪ್ಪಿದ ಭಂಗಿಯನ್ನು ಗುರುವು ಕೈಯಿಂದಲೇ ಮುಟ್ಟಿ ತಿದ್ದುವುದು ಈ ಶಿಕ್ಷಣದ ಕ್ರಮ.

ಆದುದರಿಂದಲೇ ಅಲ್ಲಿ ‘ಸಂಪೇಹ್ ಕ್ರು’ ಎಂಬ ಗುರುವಂದನೆಯ ವಿಧಿಯು ಮಹತ್ತ್ವವುಳ್ಳದ್ದಾಗಿದೆ. ‘ಕ್ರು’ ಎಂಬುದು ‘ಗುರು’ ಶಬ್ದದ ರೂಪಾಂತರವು. ಈ ವಿಧಿಯು ಗುರುವಾರದಂದು ನಡೆಯುವ ವಾಡಿಕೆಯುಂಟು. ಆ ದಿನಕ್ಕೆ ಅವರ ಭಾಷೆಯಲ್ಲಿರುವ ಹೆಸರೂ ಬೃಹಸ್ಪತಿಯಿಂದಲೇ ಬಂದುದು. ಮುಖವಾಡಗಳನ್ನೂ ಕಿರೀಟಗಳನ್ನೂ ಪೀಠದ ಮೇಲಿರಿಸಿ, ಧೂಪದೀಪಗಳನ್ನೂ ನೈವೇದ್ಯವನ್ನೂ ಸಮರ್ಪಿಸಿ, ಜೀವಂತ ಗುರುಗಳಿಗೂ ಗತಿಸಿದ ಗುರುಗಳಿಗೂ ಶಿಷ್ಯರು ಕೈಮುಗಿಯುವರು.

ಇಂತಹ ಪರಂಪರೆಗೆ 1975ರಲ್ಲಿ ಘೋರ ವಿಪತ್ತು ಒದಗಿತು. ಖ್ಮೇರ್ ರೂಜ್ ಪಕ್ಷವು ಏಪ್ರಿಲ್ 17ರಂದು ನೊಮ್ ಪೆನ್ ನಗರವನ್ನು ವಶಪಡಿಸಿಕೊಂಡು ಜನರನ್ನೆಲ್ಲ ಹೊಲಗದ್ದೆಗಳಿಗೆ ಅಟ್ಟಿತು. 1979ರ ಜನವರಿಯಲ್ಲಿ ಆ ಆಳಿಕೆಯು ಮುರಿದುಬೀಳುವ ವೇಳೆಗೆ ಕೊಲೆ, ಹಸಿವು, ರೋಗಗಳಿಂದ 15ರಿಂದ 20 ಲಕ್ಷ ಜನರು ಅಳಿದಿದ್ದರು. ನಾಟ್ಯಗುರುಗಳಲ್ಲಿ ಬಹುಪಾಲು ಮಂದಿ ಅವರೊಡನೆ ಗತಿಸಿದರು. ಶಿಲ್ಪದ ಅಪ್ಸರೆಯರು ಗೋಡೆಯ ಮೇಲೆ ನಿಂತೇ ಇದ್ದರು. ಆದರೆ ಒಂದು ಭಂಗಿಯಿಂದ ಮತ್ತೊಂದಕ್ಕೆ ಸಾಗುವ ಬಗೆಯನ್ನು ಕಲ್ಲು ಕಲಿಸಲಾರದಾಯಿತು.

ಉಳಿದವರಲ್ಲಿ ಚಿಯಾ ಸಾಮಿ ಎಂಬ ವೃದ್ಧೆಯೊಬ್ಬರು. ಬಾಲ್ಯದಲ್ಲಿಯೇ ಅರಮನೆಯನ್ನು ಸೇರಿ ನಾಟ್ಯವನ್ನು ಕಲಿತಿದ್ದ ಇವರು ಆ ಪಕ್ಷದ ನಾಯಕನಾದ ಪೋಲ್ ಪಾಟನ ಅಣ್ಣನ ಪತ್ನಿ; ಆದರೂ ಅವರು ಇತರರಂತೆ ಹೊಲದಲ್ಲಿ ದುಡಿಯಬೇಕಾಯಿತು. ಬದುಕಿ ಬಂದ ಕೆಲವರೇ ಗುರುಗಳು ತಮ್ಮ ನೆನಪುಗಳನ್ನು ಕೂಡಿಸಿ ಮಕ್ಕಳಿಗೆ ಹಸ್ತಗಳನ್ನು ಪುನಃ ಕಲಿಸಿದರು. 1994ರಲ್ಲಿ ಅವರು ತೀರಿಕೊಳ್ಳುವಷ್ಟರಲ್ಲಿ ಹೊಸ ತಲೆಮಾರೊಂದು ಸಿದ್ಧವಾಗಿದ್ದಿತು. 2003ರಲ್ಲಿ ಯುನೆಸ್ಕೋ ಸಂಸ್ಥೆಯು ಈ ನಾಟ್ಯವನ್ನು ಮಾನವಕುಲದ ಅಮೂಲ್ಯ ಪರಂಪರೆಗಳಲ್ಲೊಂದೆಂದು ಸಾರಿತು.

ಸಾವಿರಾರು ಜನರಿಂದ ಸಾಗಿಬಂದ ವಿದ್ಯೆಯನ್ನು ಬೆರಳೆಣಿಕೆಯ ಮಂದಿ ಕಾಪಾಡಿದರು. ಆ ಮಕ್ಕಳು ಇಂದು ತಾವೇ ಗುರುಗಳಾಗಿ, ಗುರುವಂದನೆಯ ದಿನ ತಮ್ಮ ಶಿಷ್ಯರೊಡನೆ ಅದೇ ಪೀಠದ ಮುಂದೆ ಕೈಮುಗಿಯುತ್ತಾರೆ. ಗುರುಪರಂಪರೆಯನ್ನು ನೆಚ್ಚಿ ನಡೆಯುವ ಸದ್ಭಕ್ತರೆಲ್ಲರೂ ಮನನ ಮಾಡತಕ್ಕ ಚರಿತ್ರೆಯಿದು.